ಗಾಳದ ಹಿಟ್ಟು

ಬೀದರ್ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ನಾನು ಮತ್ತು ಚಿದ್ರಿ ಬಡಾವಣೆಯ ನನ್ನ ಗೆಳತಿ ಶಾಹೀನ್ ಔರಾದ್ ಬಸ್ಸಿಗೆ ಕಾಯುತ್ತಿದ್ದೆವು. ಎರಡು ಗಾಳದ ಕೋಲುಗಳನ್ನು ಗೋಡೆಗೆ ಒರಗಿಸಿದ್ದೆವು. ಔರಾದ್ ಕಡೆಯ ಚಿಂತಾಕಿ ಊರಿನ ಕೆರೆಯ ಯಾವ ದಂಡೆಯಲ್ಲಿ ಕೂರುವುದು, ನೆರಳು ಎಲ್ಲಿ ಸಿಕ್ಕೀತು ಎಂದು ಮಾತಾಡಿಕೊಳ್ಳುತ್ತಿದ್ದಾಗ ಪಕ್ಕದ ಬೆಂಚಿನ ಹಿರಿಯರೊಬ್ಬರು ಬಾಯಿ ಹಾಕಿದರು. ಅವರ ಕೈಯಲ್ಲೂ ಗಾಳವಿತ್ತು.

“ಹೆಣ್ಮಕ್ಕಳು ಗಾಳ ಮುಟ್ಟಿದ್ರ ಮೀನ ಹತ್ರ ಸುಳಿಯಂಗಿಲ್ರಿ. ಮತ್ತ ಎಲ್ಲಿಗಿ ಹೊಂಟೀರಿ ಅಂತ ಯಾರರ ಕೇಳಿದ್ರ ಹೇಳಬ್ಯಾಡ್ರಿ. ಹೇಳಿದ್ರ ಖಾಲಿ ಕೈಲೆ ಬರ್ತೀರಿ.”

ಈ ಎರಡೂ ಮಾತನ್ನು ನನ್ನ ಅಪ್ಪನೂ ಹೇಳುತ್ತಿದ್ದರು. ಅಪ್ಪನ ಗಾಳವನ್ನು ಕೈಯಲ್ಲಿ ಹಿಡಿಯಲು ನನಗೆ ನಲವತ್ತಾರು ವರ್ಷ ತುಂಬಬೇಕಾಯಿತು.

ಹಿರಿಯರು ಡಬ್ಬಿ ತೆರೆದು, ಮೀನಿಗೆಂದು ತಂದ ಹಿಟ್ಟು ತೋರಿಸಿದರು. ಶೇಂಗಾ ಹಿಂಡಿ ಬೆರೆಸಿ ನಾದಿದ ಗೋಧಿ ಹಿಟ್ಟು. ಎಲ್ಲಿಯೂ ಒಂದೂ ಬಿರುಕಿರಲಿಲ್ಲ.

“ಇಷ್ಟು ಛಂದ ಯಾರು ನಾದ್ಯಾರ್ರಿ, ಚಾಚಾ?” ಶಾಹೀನ್ ಕೇಳಿದಳು.

“ನಮ್ಮ ಮನಿಯಾಕಿ.”

“ಹಂಗಾದ್ರ ಮೀನ ದಿನಾ ಹೆಣ್ಮಕ್ಕಳ ಕೈಯಾಂದೇ ತಿಂತಾವಲ್ರಿ.”

ಅವರು ಡಬ್ಬಿ ಮುಚ್ಚಿದರು.

ಬಸ್ಸು ಬಂತು, ಮೂವರೂ ಹತ್ತಿದೆವು. ಕಂಡಕ್ಟರ್ ಅವರನ್ನು ಗುರುತಿಸಿ ಏನೂ ಕೇಳದೆ ಟಿಕೆಟ್ ಕೊಟ್ಟ. ನಮ್ಮ ಕೋಲುಗಳನ್ನು ನೋಡಿ, “ನೀವು ಎಲ್ಲಿಗ್ರಿ?” ಎಂದ. ಮುಂದಿನ ಸೀಟಿನಿಂದ ಹಿರಿಯರು ತಿರುಗಿ, ಹೇಳಬೇಡಿ ಎಂದು ಕೈಸನ್ನೆ ಮಾಡಿದರು.

ನಾನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ: “ಚಿಂತಾಕಿ ಕೆರಿಗಿ. ಮೀನ ಹಿಡಿಲಾಕ.”