ಬೆನ್ನ ಹಿಂದೆ ನಿಂತ ಡಾಕ್ಟರು

ಎಡಗಡೆಯ ಕೊರಳೆಲುಬಿನ ಮೇಲೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನನ್ನ ಚಿಕ್ಕಮ್ಮನಿಗೂ ಅಲ್ಲೇ ಬಂದಿತ್ತು. ಅದು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳು ಉಳಿದದ್ದು ಒಂದೇ ಮಳೆಗಾಲ. ನಾನು ನಾಲ್ಕು ದಿನ ಯಾರಿಗೂ ಹೇಳದೆ, ಗಳಿಗೆಗೊಮ್ಮೆ ಒತ್ತಿ ನೋಡಿಕೊಂಡೆ. ಕೊನೆಗೆ ನಮ್ಮ ಯಜಮಾನರೇ, "ಎಂತ ಮಾರಾಯ್ತಿ, ಯಾವಾಗ್ಲೂ ಕುತ್ತಿಗೆ ಹಿಡ್ಕೊಂಡೇ ಇರ್ತೀಯಲ್ಲ" ಎಂದು ಭಂಡಿಗಡಿಯಿಂದ ಕೊಪ್ಪಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ಸ್ಟೂಲಿನ ಮೇಲೆ ಕೂರಿಸಿ, ನನ್ನ ಹಿಂದೆ ಹೋಗಿ ನಿಂತರು. ಮುಖ ನೋಡಿ ಸುಳ್ಳು ಹೇಳಲಾಗದೆ ಹಿಂದೆ ಹೋದರು ಎಂದೇ ನನಗನಿಸಿತು. ಅವರ ಎರಡೂ ಕೈಗಳ ಬೆರಳು ಕಿವಿಯ ಕೆಳಗಿನಿಂದ ಇಳಿಯುತ್ತ ಎಲುಬಿನ ಮೇಲಿನ ಗುಳಿಗೆ ಬಂದವು. "ಭುಜ ಸಡಿಲ ಬಿಡಿ. ತಲೆ ಸ್ವಲ್ಪ ಬಗ್ಗಿಸಿ. ಈಗ ಉಸಿರು ಎಳ್ಕೊಳ್ಳಿ." ಗಂಟನ್ನು ಅತ್ತಿತ್ತ ಜಾರಿಸಿ ನೋಡಿದರು. ಬಿಟ್ಟು, ಮತ್ತೆ ಅಲ್ಲಿಗೇ ಬೆರಳು ತಂದರು. ನನಗೆ ಸಿಟ್ಟು ಬಂತು.

"ಏನಿದ್ರೂ ಮುಂದೆ ಬಂದು ಹೇಳಿ ಡಾಕ್ಟ್ರೇ" ಎಂದೆ.

"ಎಲ್ರಿಗೂ ಹಿಂದೆ ನಿಂತೇ ನೋಡೋದಮ್ಮ. ಎರಡೂ ಕಡೆ ಒಟ್ಟಿಗೆ ಕೈಗೆ ಸಿಗ್ತದೆ. ತಲೆ, ಕುತ್ತಿಗೆ ಎಲ್ಲಾದ್ರೂ ಗಾಯ ಆಗಿತ್ತಾ?"

"ಇಲ್ಲ."

ಶುದ್ಧ ಸುಳ್ಳು. ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ಉದುರಿದ ಒಣ ಎಲೆ, ದರಗು ಗುಡಿಸುವಾಗ ತುರುಬಿನಡಿ ಕುತ್ತಿಗೆಗೆ ಉಣುಗು, ಅದೇ ದನದ ಮೈಗೆ ಹತ್ತುವ ಉಣ್ಣೆ, ಕಚ್ಚಿತ್ತು. ಕಿತ್ತು ಬಿಸಾಡಿ, ಎಲೆಯಡಿಕೆಯ ಸುಣ್ಣ ಹಚ್ಚಿದ್ದೆ. ನಮ್ಮ ಕಡೆ ಉಣುಗು ಎಂದರೆ ಅದರಿಂದ ಹರಡುವ ಮಂಗನ ಕಾಯಿಲೆಯ ಭಯ. ಬಾಯಿಬಿಟ್ಟರೆ ಮನೆಮಂದಿಯ ರಕ್ತವೆಲ್ಲ ಪರೀಕ್ಷೆಗೆ ಹೋಗುತ್ತದೆ, ಊರೆಲ್ಲ ಸುದ್ದಿಯಾಗುತ್ತದೆ ಎಂದು ಮುಚ್ಚಿಟ್ಟಿದ್ದೆ.

ಡಾಕ್ಟರು ನನ್ನ ತುರುಬು ಎತ್ತಿದರು. "ಇದೆಂತದು ಹಾಗಾದ್ರೆ? ಸುಣ್ಣಕ್ಕೆ ಬೆಂದು ಕೀವಾಗಿದೆ."

ಎಲ್ಲ ಒಪ್ಪಿಕೊಂಡೆ. ಜ್ವರ ಬಂದಿರಲಿಲ್ಲ ಎಂದೂ ಹೇಳಿದೆ. ಅವರು ಕಂಕುಳು, ಹೊಟ್ಟೆಯನ್ನೂ ಒತ್ತಿ ನೋಡಿ, ಈಗ ಮುಂದೆ ಬಂದು ಕುಳಿತರು. "ಗಂಟು ಮೆತ್ತಗಿದೆ, ಜಾರ್ತದೆ, ನೋಯ್ತದೆ. ಒಳ್ಳೇದೇ, ಆ ಕೀವಿಂದ ಬಂದದ್ದಿರಬಹುದು. ಆದ್ರೆ ಈ ಜಾಗದ ಗಂಟನ್ನ ನಾನು ಹಾಗೇ ಬಿಡೋದಿಲ್ಲ. ಕೀವಿಗೆ ಮಾತ್ರೆ ಕೊಡ್ತೇನೆ, ಮುಗಿಸಿ ಎರಡು ವಾರ ಬಿಟ್ಟು ಬನ್ನಿ. ಕರಗದಿದ್ರೆ ಸೂಜಿ ಹಾಕಿ ಸ್ವಲ್ಪ ತೆಗ್ದು ಪರೀಕ್ಷೆಗೆ ಕಳಿಸುವ."

ಎರಡು ವಾರ ಹೇಗೆ ಕಳೆದೆನೋ ದೇವರೇ ಬಲ್ಲ. ಮತ್ತೆ ಅದೇ ಸ್ಟೂಲು, ಹಿಂದೆ ಅದೇ ಬೆರಳುಗಳು. ಬಹಳ ಹೊತ್ತು ಹುಡುಕಿ ಡಾಕ್ಟರು, "ಎಲ್ಲಿತ್ತು, ನೀವೇ ತೋರ್ಸಿ" ಎಂದರು.

ಮುಟ್ಟಿದೆ. ಬರೀ ಎಲುಬು. "ಇಲ್ಲೇ ಇತ್ತು ಡಾಕ್ಟ್ರೇ" ಎಂದು ಜಗಳಕ್ಕೆ ನಿಂತವಳ ಹಾಗೆ ಹುಡುಕುತ್ತಲೇ ಇದ್ದೆ. ಪಕ್ಕದಲ್ಲಿದ್ದ ಯಜಮಾನರು ನನ್ನ ಕೈ ಹಿಡಿದು ಕೆಳಗಿಳಿಸಿ, "ಸಾಕು ಬಿಡು ಮಾರಾಯ್ತಿ, ಹೋಯ್ತಲ್ಲ" ಎಂದರು. ಎಂದವರೇ, ಆ ಜಾಗವನ್ನು ತಾವೂ ಎರಡು ಸಲ ಒತ್ತಿ ನೋಡಿದರು. ಅಷ್ಟು ದಿನ ಹೆದರಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.