ಹನ್ನೆರಡಕ್ಕನ ಎಣಿಕೆ

ರೇಸ್ ಟ್ರ್ಯಾಕಿನಲ್ಲಿ ಅವಳನ್ನು ಎಲ್ಲರೂ ಹನ್ನೆರಡಕ್ಕ ಎಂದೇ ಕರೆಯುತ್ತಿದ್ದರು. ಅವಳ ಬಳಿ ಒಂದು ತಗಡಿನ ಡಬ್ಬಿ ಇತ್ತು, ಅದರಲ್ಲಿ ಬಟ್ಟೆ ಒಣಹಾಕುವ ಹನ್ನೆರಡು ಕೆಂಪು ಪ್ಲಾಸ್ಟಿಕ್ ಕ್ಲಿಪ್ಪುಗಳು. ಹನ್ನೊಂದು ವರ್ಷ ಆ ಸಂಖ್ಯೆ ಬದಲಾಗಲಿಲ್ಲ. ಒಂದು ಮುರಿದರೆ ಮರುದಿನವೇ ಅದೇ ಬಣ್ಣದ್ದು ಇನ್ನೊಂದು ಬರುತ್ತಿತ್ತು.

ಅವಳ ಕೆಲಸ ಪ್ಯಾರಾಚೂಟ್ ಮಡಚುವುದು. ಡ್ರ್ಯಾಗ್ ರೇಸಿನಲ್ಲಿ ತಿರುವುಗಳಿಲ್ಲ. ಎರಡು ಕಾರುಗಳು ಅಕ್ಕಪಕ್ಕ ನಿಂತು, ದೀಪ ಹಸಿರಾದ ಕೂಡಲೇ ನಾನೂರು ಮೀಟರ್ ನೇರ ಓಡುತ್ತವೆ. ಆರು ಸೆಕೆಂಡಿಗೆ ಎಲ್ಲ ಮುಗಿಯುತ್ತದೆ. ಆದರೆ ಗೆರೆ ದಾಟುವಾಗ ಕಾರಿನ ವೇಗ ಗಂಟೆಗೆ ಮುನ್ನೂರ ಐವತ್ತು ಕಿಲೋಮೀಟರ್ ಮುಟ್ಟಿರುತ್ತದೆ, ಅಷ್ಟು ವೇಗವನ್ನು ಬರೀ ಬ್ರೇಕು ಹಿಡಿದು ನಿಲ್ಲಿಸಲಾರದು. ಅದಕ್ಕೇ ಕಾರಿನ ಹಿಂದೆ ಒಂದು ಚೀಲ, ಚೀಲದಲ್ಲಿ ಪ್ಯಾರಾಚೂಟ್. ಚಾಲಕ ಹಿಡಿಕೆ ಎಳೆದರೆ ಅದು ಗಾಳಿಗೆ ಬಿಚ್ಚಿಕೊಂಡು ಕಾರನ್ನು ಹಿಂದಕ್ಕೆ ಜಗ್ಗುತ್ತದೆ.

ಬಿಚ್ಚಿಕೊಳ್ಳಬೇಕೆಂದರೆ ಸರಿಯಾಗಿ ಮಡಚಿರಬೇಕು. ಬಟ್ಟೆಯನ್ನು ಸೀರೆಯ ನೆರಿಗೆಯ ಹಾಗೆ ಒಂದರ ಮೇಲೊಂದು ಕೂರಿಸಿ, ಹಗ್ಗಗಳ ಸಿಕ್ಕು ಬಿಡಿಸಿ ಉದ್ದಕ್ಕೆ ಜೋಡಿಸಬೇಕು. ನೆರಿಗೆ ಜಾರದಂತೆ ಅಲ್ಲಲ್ಲಿ ಕ್ಲಿಪ್ಪು ಹಾಕಿ, ಚೀಲ ಮುಚ್ಚುವಾಗ ಒಂದೊಂದಾಗಿ ತೆಗೆಯಬೇಕು. ಒಂದು ಕ್ಲಿಪ್ಪು ಒಳಗೇ ಉಳಿದರೂ ಅದು ನೆರಿಗೆಯನ್ನು ಕಚ್ಚಿ ಹಿಡಿದಿರುತ್ತದೆ; ಪ್ಯಾರಾಚೂಟ್ ಹೊರಗೇನೋ ಬರುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ಅವಳು ಕೆಲಸ ಶುರು ಮಾಡುವ ಮೊದಲು ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸುತ್ತಿದ್ದಳು. ಮುಗಿದ ಮೇಲೆ ಜೋರಾಗಿ ಎಣಿಸುತ್ತಾ ಡಬ್ಬಿಗೆ ಹಾಕುತ್ತಿದ್ದಳು. ಚಾಲಕ ಬಂದು "ಅಕ್ಕ, ಹನ್ನೆರಡಾ?" ಎನ್ನುತ್ತಿದ್ದ. ಅವಳು "ಹನ್ನೆರಡು" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬೀಳದೆ ಹೆಲ್ಮೆಟ್ ಹಾಕಿಕೊಳ್ಳದ ಚಾಲಕರೂ ಇದ್ದರು.

ಅವಳು ಮೊದಲು ಲಾರಿಗಳ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿದ್ದವಳು. ದಪ್ಪ ಸೂಜಿಯ ಹೊಲಿಗೆ ಯಂತ್ರ, ಮೇಣ ಹಚ್ಚಿದ ದಾರ, ಬಾಗಿಲ ಹೊರಗೆ ಡೀಸೆಲ್ ವಾಸನೆ. ಒಂದು ದಿನ ಯಾರೋ ಹರಿದ ಪ್ಯಾರಾಚೂಟ್ ತಂದು ಹೊಲಿದುಕೊಡಿ ಎಂದರು. ಹೊಲಿಗೆ ಎಷ್ಟು ಚೆನ್ನಾಗಿ ನಿಂತಿತೆಂದರೆ ಮುಂದಿನ ತಿಂಗಳು ಅವರೇ ಬಂದು ಟ್ರ್ಯಾಕಿಗೆ ಕರೆದುಕೊಂಡು ಹೋದರು. ರೇಸ್ ಇದ್ದ ದಿನ ಟ್ರ್ಯಾಕು, ಉಳಿದ ದಿನ ಅಂಗಡಿ. ಅವಳ ಹಿಂದೆಯೇ ತಮ್ಮ ಬಂದ. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಮೊದಲು ಟೈರು ಉರುಳಿಸಿದ, ಆಮೇಲೆ ಎಂಜಿನ್ ಬಿಚ್ಚಿದ, ಕೊನೆಗೆ ಕಾರಿನೊಳಗೇ ಕುಳಿತ. ಮಗನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋದವಳು ಮಗಳು ಎಂಬ ಸಿಟ್ಟು ಅಮ್ಮನಿಗೆ ಅಂದಿನಿಂದಲೇ ಇತ್ತು. ಮಗ ಗೆಲ್ಲುತ್ತಿದ್ದಷ್ಟು ದಿನ ಅದು ಬಾಯಿಗೆ ಬರಲಿಲ್ಲ.

ತಮ್ಮನಿಗೆ ಕಾಯುವುದೆಂದರೆ ಆಗದು. ಊಟ ಐದು ನಿಮಿಷ, ಸ್ನಾನ ಎರಡು ನಿಮಿಷ. ಇವನು ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಅದು ಹೇಗೆ ಸುಮ್ಮನೆ ಕೂತಿದ್ದನೋ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಅವಳು ಟ್ರ್ಯಾಕಿಗೆ ಬಂದ ಹನ್ನೊಂದನೆಯ ವರ್ಷ ಮನೆಯ ಹಿತ್ತಲಿನ ತಂತಿಯಿಂದ ಅಮ್ಮನ ಮರದ ಕ್ಲಿಪ್ಪುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅಮ್ಮ ಮೊದಲು ಕಾಗೆಯನ್ನು ಬೈದಳು. ಆಮೇಲೆ ಮಹಡಿ ಮನೆಯವಳನ್ನು ಅನುಮಾನಿಸಿದಳು. ನಮ್ಮ ಕ್ಲಿಪ್ಪುಗಳಿಗೆ ಕಾಲು ಬಂದು ಮಹಡಿ ಹತ್ತಿವೆ ಎಂದು ಮೇಲಿನವರಿಗೆ ಕೇಳುವ ಹಾಗೆ ಹೇಳಿದಳು. ಮಹಡಿಯವಳು ತನ್ನ ಕ್ಲಿಪ್ಪುಗಳನ್ನೆಲ್ಲ ಬುಟ್ಟಿಯಲ್ಲಿ ತಂದು ಅಮ್ಮನ ಮುಂದೆ ಸುರಿದು, ಆರಿಸಿಕೊಳ್ಳಿ ಎಂದಳು. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು. ಆ ಜಗಳವನ್ನು ಊಟ ಮಾಡುತ್ತಾ ಕೇಳಿದ ತಮ್ಮ ತಲೆ ತಗ್ಗಿಸಿ ನಕ್ಕ. ಅಕ್ಕ ಅದನ್ನು ನೋಡಿದಳು. ನಗುವುದು ಅವನ ಸ್ವಭಾವವೇ ಆದ್ದರಿಂದ ಏನೂ ಅನ್ನಿಸಲಿಲ್ಲ.

ಅಕ್ಕ ಅಂಗಡಿಯಲ್ಲಿರುವ ಅಭ್ಯಾಸದ ದಿನಗಳಲ್ಲಿ ಅವನು ತನ್ನ ಪ್ಯಾರಾಚೂಟನ್ನು ತಾನೇ ಮಡಚಿಕೊಳ್ಳುತ್ತಿದ್ದ. ಅಮ್ಮನ ಕ್ಲಿಪ್ಪುಗಳನ್ನು ಅವನು ಒಯ್ದದ್ದು ಅದಕ್ಕಾಗಿಯೇ. ಚಾಲಕ ತಾನೇ ಮಡಚಬಾರದೆಂಬ ನಿಯಮ ಟ್ರ್ಯಾಕಿನಲ್ಲಿ ಇರಲಿಲ್ಲ.

ಆ ಸಲದ ರೇಸಿನ ಕೊನೆಯ ದಿನ ಅವಳು ಮೂರು ತಂಡಗಳಿಗೆ ಮಡಚುತ್ತಿದ್ದಳು. ಸೆಮಿಫೈನಲ್ಲಿಗೂ ಫೈನಲ್ಲಿಗೂ ನಡುವೆ ನಲವತ್ತೈದು ನಿಮಿಷ. ಒಂದನ್ನು ಮಡಚಲು ಇಪ್ಪತ್ತು ನಿಮಿಷ ಬೇಕು. ಎದುರಾಳಿಯ ಪ್ಯಾರಾಚೂಟ್ ಮೊದಲು ಮೇಜಿಗೆ ಬಂದಿತ್ತು, ಅದರಲ್ಲಿ ಒಂದು ಹೊಲಿಗೆ ಬಿಟ್ಟಿತ್ತು. ಹೊಲಿದು, ಮಡಚಿ, ಹನ್ನೆರಡನ್ನೂ ಎಣಿಸಿ ತಮ್ಮನ ಕಾರಿನ ಬಳಿ ಬರುವಾಗ ಉಳಿದಿದ್ದದ್ದು ಹನ್ನೆರಡು ನಿಮಿಷ. ಚೀಲ ಆಗಲೇ ಮುಚ್ಚಿತ್ತು.

"ಯಾರೋ ಮಡಚಿದ್ದು?"

"ನಾನೇ. ನಿನ್ ಶಿಷ್ಯ ಅಲ್ವಾ?"

"ಬಿಚ್ಚು. ನಾನ್ ನೋಡ್ಬೇಕು."

"ಬಿಚ್ಚಿದ್ರೆ ಮತ್ತೆ ಮಡ್ಚಕ್ಕೆ ಟೈಮೆಲ್ಲಿದೆ ಅಕ್ಕ? ಅವನ್ದು ಹೊಲ್ಕೊಂಡ್ ಕೂತಿದ್ದೋಳು ನೀನೇ. ಈಗ ಫೈನಲ್ಲೂ ಅವನಿಗೇ ಬಿಟ್ಕೊಡ್ಲಾ?"

ಅವಳು ಅಂಗೈಯಿಂದ ಚೀಲವನ್ನು ಒತ್ತಿ ನೋಡಿದಳು. ಬಿಗಿಯಾಗಿತ್ತು. ಬಿಗಿಯಾದ ಚೀಲದೊಳಗೆ ಏನಿದೆಯೆಂದು ಕೈಗೆ ತಿಳಿಯುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

"ಎಣಿಸಿದ್ಯಾ?"

"ಎಣಿಸ್ದೆ."

ಅವನು ಸುಳ್ಳು ಹೇಳಿರಲಿಲ್ಲ. ಕೊನೆಯಲ್ಲಿ ಎಣಿಸಿದ್ದ, ಐದು ಬಂದಿತ್ತು. ಆದರೆ ಶುರುವಿನಲ್ಲಿ ಎಣಿಸಿರಲಿಲ್ಲ. ಉಪಕರಣದ ಪೆಟ್ಟಿಗೆಯಿಂದ ಕೈಗೆ ಸಿಕ್ಕಷ್ಟು ತೆಗೆದುಕೊಂಡಿದ್ದ. ಹೋಗುವಾಗ ಎಣಿಸದೆ ಬರುವಾಗ ಮಾತ್ರ ಎಣಿಸಿದರೆ ಆ ಸಂಖ್ಯೆಗೆ ಏನೂ ಅರ್ಥವಿಲ್ಲ. ಅಕ್ಕ ಎಣಿಸುವುದನ್ನು ಹನ್ನೊಂದು ವರ್ಷ ನೋಡಿದ್ದವನು ಕಲಿತದ್ದು ಜೋರಾಗಿ ಎಣಿಸುವ ಅರ್ಧವನ್ನಷ್ಟೇ.

ಅವಳು ಚೀಲದ ಮೇಲಿನಿಂದ ಕೈ ತೆಗೆದಳು.

ಫೈನಲ್ಲಿನಲ್ಲಿ ಗೆರೆ ದಾಟಿದ ಕೂಡಲೇ ಇಬ್ಬರೂ ಒಂದೇ ಕ್ಷಣಕ್ಕೆ ಹಿಡಿಕೆ ಎಳೆದರು. ಎದುರಾಳಿಯ ಪ್ಯಾರಾಚೂಟ್ ಬಿಚ್ಚಿಕೊಂಡಿತು. ತಮ್ಮನದು ಹಿಂಡಿದ ಬಟ್ಟೆಯ ಹಾಗೆ ಸುರುಳಿಯಾಗಿಯೇ ಕಾರಿನ ಹಿಂದೆ ಎಳೆಸಿಕೊಂಡು ಹೋಯಿತು. ಬ್ರೇಕಿನಿಂದ ಹೊಗೆ ಬಂತು. ಟ್ರ್ಯಾಕಿನ ಕೊನೆಯ ಮರಳು ಕಾರನ್ನು ಹಿಡಿಯಲಿಲ್ಲ. ಮರಳಿನಾಚೆಯ ಬಲೆ ಹರಿಯಿತು. ಬಲೆಯಾಚೆ ಗೋಡೆ. ಹೆಲ್ಮೆಟ್ ಒಡೆದಿರಲಿಲ್ಲ, ಬೆಲ್ಟು ಹರಿದಿರಲಿಲ್ಲ, ಎರಡೂ ತಂತಮ್ಮ ಕೆಲಸವನ್ನು ಮಾಡಿದ್ದವು. ಆ ವೇಗದಲ್ಲಿ ಅವೆರಡೇ ಸಾಲುವುದಿಲ್ಲ. ಎಲ್ಲರೂ ಅತ್ತ ಓಡುವಾಗ ಫಲಕದಲ್ಲಿ ಗೆದ್ದವನ ದೀಪ ತಮ್ಮನ ಸಾಲಿನಲ್ಲೇ ಉರಿಯುತ್ತಿತ್ತು.

ಪ್ಯಾರಾಚೂಟಿನೊಳಗೆ ಕ್ಲಿಪ್ಪು ಸಿಕ್ಕಿತೆಂಬ ಸುದ್ದಿ ಸಂಜೆಯೊಳಗೆ ಟ್ರ್ಯಾಕಿನಲ್ಲೆಲ್ಲ ಹಬ್ಬಿತು. ಯಾವ ಕ್ಲಿಪ್ಪು ಎಂದು ಯಾರೂ ಕೇಳಲಿಲ್ಲ. ಕ್ಲಿಪ್ಪು ಎಂದರೆ ಹನ್ನೆರಡಕ್ಕ. ಎದುರಾಳಿಯದನ್ನು ಒಪ್ಪವಾಗಿ ಮಡಚಿ ಸ್ವಂತ ತಮ್ಮನದರಲ್ಲಿ ಮರೆತಳಂತೆ ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು. ಸಿಕ್ಕಿದ್ದು ಮರದ ಕ್ಲಿಪ್ಪು ಎಂದು ಅವಳಿಗೆ ಹೇಳಿದವನು ತಮ್ಮನ ಮೆಕ್ಯಾನಿಕ್ ಒಬ್ಬನೇ. ವಿಚಾರಣೆ ಎಂಟು ದಿನದ ನಂತರಕ್ಕೆ ನಿಗದಿಯಾಯಿತು.

ವಿಚಾರಣೆಯ ಹಿಂದಿನ ದಿನ ಅವಳು ಅಂಗಡಿಯಿಂದ ಮನೆಗೆ ಬಂದಾಗ ಹಿತ್ತಲಿನ ತಂತಿಯ ಮೇಲೆ ಐದು ಮರದ ಕ್ಲಿಪ್ಪುಗಳು ಸಾಲಾಗಿದ್ದವು. ಬಟ್ಟೆ ಇರಲಿಲ್ಲ. ಮೆಕ್ಯಾನಿಕ್ ಮಧ್ಯಾಹ್ನ ತಮ್ಮನ ಉಪಕರಣದ ಪೆಟ್ಟಿಗೆ ತಂದುಕೊಟ್ಟು ಹೋಗಿದ್ದ. ಅಮ್ಮ ಅದನ್ನು ತೆರೆದು, ಕ್ಲಿಪ್ಪುಗಳಿಗೆ ಅಂಟಿದ್ದ ಗ್ರೀಸನ್ನು ಸೋಪು ಹಾಕಿ ತಿಕ್ಕಿ, ಅವುಗಳ ಜಾಗಕ್ಕೆ ಹಾಕಿದ್ದಳು. ಮಗಳು ಬಂದದ್ದು ತಿಳಿದರೂ ತಿರುಗಲಿಲ್ಲ.

"ಕಳ್ದಿದ್ದು ಆರು" ಎಂದಳು. ತಂತಿಯನ್ನೇ ನೋಡುತ್ತಾ, "ನಾಳೆ ಕೇಳ್ತಾರಲ್ಲ, ನಿಂದೇ ಅನ್ನು" ಎಂದಳು.

"ಅಮ್ಮ, ನನ್ ಹನ್ನೆರಡೂ ಡಬ್ಬೀಲಿವೆ."

"ಒಂದು ತೆಗ್ದಿಡು. ಅವನು ತನ್ ಸಾವು ತಾನೇ ಮಡ್ಚಿಕೊಂಡ ಅಂತ ಜನ ಆಡ್ಕೊಳೋದು ಬೇಡ. ಅವನಿಗೆ ಇನ್ನು ಬಾಯಿಲ್ಲ. ನೀನು ಬದುಕಿದ್ದೀಯ, ತಡ್ಕೋತೀಯ."

ರಾತ್ರಿಯ ಊಟಕ್ಕೆ ಅಮ್ಮ ಎಂದಿನಂತೆ ಬಡಿಸಿದಳು, ಇನ್ನಷ್ಟು ಹಾಕಿದಳು. ಅಷ್ಟು ಪ್ರೀತಿಯಿಂದ ಬಡಿಸಿ ಎಷ್ಟೋ ವರ್ಷವಾಗಿತ್ತು. ಅದಕ್ಕೇ ಮಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ವಿಚಾರಣೆ ಟ್ರ್ಯಾಕಿನ ಕಚೇರಿಯಲ್ಲಿ ನಡೆಯಿತು. ನಿವೃತ್ತ ಎಂಜಿನಿಯರ್ ಒಬ್ಬರು, ಒಬ್ಬ ಡಾಕ್ಟರು, ಟ್ರ್ಯಾಕಿನ ಮ್ಯಾನೇಜರು. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಆ ಕ್ಲಿಪ್ಪು ಇತ್ತು. ಮರ ಸೀಳಿತ್ತು, ಸ್ಪ್ರಿಂಗು ಮಾತ್ರ ಬಿಗಿಯಾಗಿಯೇ ಇತ್ತು. ಮ್ಯಾನೇಜರು ಮೆತ್ತಗೆ ಮಾತಾಡಿದರು. ಮಡಚುವಾಗ ಆದ ಲೋಪ ಎಂದಷ್ಟೇ ಬರೆಯುತ್ತೇವೆ, ಯಾರ ಹೆಸರೂ ಬೇಡ, ಮನೆಯವರಿಗೂ ಅದೇ ನೆಮ್ಮದಿ ಎಂದರು. ಮುಂದಿನ ವಾರದ ರೇಸು ನಿಲ್ಲುವುದಿಲ್ಲ ಎಂಬುದು ಅದರಲ್ಲಿ ಸೇರಿತ್ತು.

ಒಪ್ಪಿಬಿಡಲು ಅವಳಿಗೆ ಕಷ್ಟವಿರಲಿಲ್ಲ. ಹೇಗೂ ಜನ ಅದನ್ನೇ ನಂಬಿದ್ದರು. ಆದರೆ ತಮ್ಮನ ಹಾಗೆ ತಾವೇ ಮಡಚಿದ ಚೀಲದೊಡನೆ ಸಾಲಿನಲ್ಲಿ ನಿಲ್ಲುವ ಇನ್ನಿಬ್ಬರು ಚಾಲಕರು ಅವಳಿಗೆ ಗೊತ್ತಿದ್ದರು. ಒಬ್ಬನ ಹೆಂಡತಿ ತುಂಬು ಬಸುರಿ. ಲೋಪ ಹನ್ನೆರಡಕ್ಕನದು ಎಂದಾದರೆ ಹನ್ನೆರಡಕ್ಕ ಒಬ್ಬಳು ಹೋಗುತ್ತಾಳೆ, ಅವರು ಮುಂದಿನ ವಾರವೂ ತಾವೇ ಮಡಚಿಕೊಳ್ಳುತ್ತಾರೆ.

ಅವಳು ಡಬ್ಬಿ ತೆರೆದು ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇವು ನನ್ನವು. ಅದು ನಮ್ಮಮ್ಮಂದು. ನನ್ ತಮ್ಮ ತಾನೇ ಮಡ್ಚಿದ" ಎಂದಳು. ಎಂಜಿನಿಯರರು ಬರೆದುಕೊಳ್ಳುವುದು ಮುಗಿಯುವವರೆಗೆ ಕಾದಳು. "ಇದನ್ನೂ ಬರ್ಕೊಳ್ಳಿ. ಹನ್ನೆರಡು ನಿಮಿಷ ಇತ್ತು. ನಾನು ಬಿಚ್ಚಿಸ್ಲಿಲ್ಲ."

ಅದನ್ನೂ ಬರೆದರು. ವರದಿಯ ಮೂರನೆಯ ಪುಟದಲ್ಲಿ ಎರಡೂ ಮಾತುಗಳಿವೆ.

ಮುಂದಿನ ವಾರದ ರೇಸು ನಿಂತಿತು. ತಿಂಗಳೊಳಗೆ ನಿಯಮ ಬಂತು. ಚಾಲಕ ತನ್ನ ಪ್ಯಾರಾಚೂಟ್ ಮಡಚುವಂತಿಲ್ಲ. ಸುತ್ತುಗಳ ನಡುವೆ ಎಪ್ಪತ್ತೈದು ನಿಮಿಷ ಬಿಡಬೇಕು. ಕ್ಲಿಪ್ಪುಗಳನ್ನು ಹನ್ನೆರಡು ಮೊಳೆಗಳ ಹಲಗೆಗೆ ಸಿಕ್ಕಿಸಿಟ್ಟು, ಕಾರು ಹೊರಡುವ ಮೊದಲು ಹಲಗೆ ತೋರಿಸಬೇಕು. ಒಂದು ಮೊಳೆ ಖಾಲಿಯಿದ್ದರೂ ಕಾರು ಕದಲುವುದಿಲ್ಲ. ಈಗ ಅವಳನ್ನು ಯಾರೂ "ಅಕ್ಕ, ಹನ್ನೆರಡಾ?" ಎಂದು ಕೇಳುವುದಿಲ್ಲ. ಹಲಗೆ ನೋಡುತ್ತಾರೆ, ಹೋಗುತ್ತಾರೆ. ತಮ್ಮನ ಗೆಳೆಯರು ಚೀಲವನ್ನು ಅವಳ ಕೈಗೆ ಕೊಡುವುದೂ ಇಲ್ಲ, ಮೇಜಿನ ಮೇಲಿಟ್ಟು ತಿರುಗುತ್ತಾರೆ. ಸತ್ತವನನ್ನೂ ಬಿಡಲಿಲ್ಲವಲ್ಲ ಎನ್ನುತ್ತಾರಂತೆ. ತುಂಬು ಬಸುರಿಯಾಗಿದ್ದವಳಿಗೆ ಹೆಣ್ಣು ಮಗುವಾಗಿದೆ. ಅವಳ ಗಂಡನೂ ಆ ಗೆಳೆಯರಲ್ಲೊಬ್ಬ.

ಅಮ್ಮ ಮಗಳೊಡನೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಕ್ಲಿಪ್ಪು ಕದ್ದವಳು ಮಹಡಿಯವಳಲ್ಲ ಎಂದು ಸಾಬೀತಾದ ಮೇಲೆ ಅಮ್ಮನೂ ಅವಳೂ ಮತ್ತೆ ಒಂದಾದರು. ಸೋಪು ಮುಗಿದಿದೆ, ಮಾತ್ರೆ ತರಬೇಕು ಎಂಬುದೆಲ್ಲ ಈಗ ಮಹಡಿ ಹತ್ತಿ ಇಳಿದು ಮಗಳಿಗೆ ತಲುಪುತ್ತದೆ. ವಿಚಾರಣೆಯ ಸಂಜೆಯೇ ಅಮ್ಮ ಆ ಐದೂ ಕ್ಲಿಪ್ಪುಗಳನ್ನು ಒಲೆಗೆ ಹಾಕಿದ್ದಳು. ಒಮ್ಮೆ ಮಗಳು ಹೊಸ ಪ್ಯಾಕೆಟ್ಟು ತಂದು ಕಿಟಕಿಯ ಮೇಲಿಟ್ಟಳು. ಮರುದಿನ ಅವು ಮಹಡಿಯವಳ ತಂತಿಯ ಮೇಲಿದ್ದವು.

ಅಮ್ಮ ಈಗ ಕ್ಲಿಪ್ಪಿಲ್ಲದೆಯೇ ಬಟ್ಟೆ ಒಣಹಾಕುತ್ತಾಳೆ. ಗಾಳಿ ಬೀಸಿದ ದಿನ ಅರ್ಧ ಬಟ್ಟೆ ಹಿತ್ತಲಿನ ಮಣ್ಣಿನಲ್ಲಿ ಬಿದ್ದಿರುತ್ತದೆ. ಕೆಲಸದಿಂದ ಬಂದ ಮಗಳು ಅವನ್ನೆಲ್ಲ ಎತ್ತಿಕೊಂಡು ನಲ್ಲಿಯ ಕೆಳಗೆ ಮತ್ತೆ ಒಗೆಯುತ್ತಾಳೆ. ಅವಳ ಚೀಲದಲ್ಲಿ ಹನ್ನೆರಡು ಕ್ಲಿಪ್ಪುಗಳಿರುತ್ತವೆ, ಅವನ್ನು ತೆಗೆಯುವುದಿಲ್ಲ. ಸೀರೆಯ ಎರಡೂ ತುದಿಯನ್ನು ತಂತಿಗೆ ಗಂಟು ಹಾಕುತ್ತಾಳೆ. ಬೆಳಿಗ್ಗೆ ಎದ್ದು ಅಮ್ಮ ಆ ಗಂಟುಗಳನ್ನು ಬಿಚ್ಚುತ್ತಾಳೆ.