ಮಹಡಿಮನೆ ಮಾವನ ಮೌನ

ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗಲಾಟೆ ಯಾವುದೆಂದರೆ ಮಹಡಿಮನೆ ಮಾವನ ಮೌನ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಬೆಳಗಾದರೆ ಸಾಕು, ಬಾಡಿಗೆಗಿದ್ದ ಆ ಮಾವ ಕಿಟಕಿಯಿಂದ ತಲೆ ಹೊರಹಾಕಿ, "ಸದ್ದು ಮಾಡ್ಬೇಡ್ರಪ್ಪಾ, ದೇವರು ಮಾತಾಡೋ ಹೊತ್ತು!" ಎಂದು ಕೂಗುವ ಕೂಗಿಗೆ ಮಲಗಿದ್ದ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ಆಮೇಲೆ ಕಿವಿಗೆ ಹತ್ತಿ ತುರುಕಿ, ಗೋಡೆಗೊರಗಿ, ಒಳಗಿನ ದನಿಗಾಗಿ ಕಾಯುವರು. ಆ ದನಿಯೋ ಬಲು ಕರುಣಾಳು. ಇನ್ನೊಂದು ಗಳಿಗೆ ಮಲಗು ಎನ್ನುತ್ತಿತ್ತು, ಇವತ್ತು ಕೆಲಸಕ್ಕೆ ರಜೆ ಹಾಕು ಎನ್ನುತ್ತಿತ್ತು. "ಅಲ್ಲಾ, ನಿಮ್ಮ ದೇವರು ಒಂದಿನಾನೂ ಪಾತ್ರೆ ತೊಳಿ ಅನ್ನಲ್ವಲ್ಲ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಚುಚ್ಚಿದರೆ, "ಅಂಥ ಸಣ್ಣ ವಿಷ್ಯಕ್ಕೆಲ್ಲ ಅವನು ಬಾಯಿ ಬಿಡಲ್ಲ ಕಣೇ" ಎನ್ನುವರು. ಒಂದು ದಿನ ಮಾತ್ರ ಮಾವ ಮುಖ ಬಿಳಿಚಿಕೊಂಡು ಎದ್ದುಬಂದರು. ಅಮ್ಮನ ಮಂಚಕ್ಕಾಗಿ ಜಗಳವಾಡಿ ದೂರಾಗಿದ್ದ ಅಣ್ಣ ಈಗ ಅದೇ ಮಂಚದ ಮೇಲೆ ಏಳಲಾರದೆ ಒಂಟಿಯಾಗಿ ಮಲಗಿದ್ದ. ಹೋಗಿ ಅವನ ಜೊತೆಗಿರು ಎಂದಿತ್ತಂತೆ ದನಿ. ವಾರವೆಲ್ಲ ಮಾವ ಅದರ ಬಾಯಿ ಮುಚ್ಚಿಸಲೆಂದು ರೇಡಿಯೊ ಜೋರಾಗಿ ಹಾಕಿದರು, ಬೀದಿಯ ಮಕ್ಕಳನ್ನೆಲ್ಲ ಕರೆದು ಮನೆಯೊಳಗೇ ಆಡಿಸಿದರು. "ನಿಮ್ಮ ಮನಸ್ಸೇ ಏನೋ ಅಂದಿರುತ್ತೆ, ಬಿಡಿ" ಎಂದಳು ಹೆಂಡತಿ. "ನನ್ನ ಮನಸ್ಸಾಗಿದ್ರೆ ನಂಗೆ ಬೇಕಾದ್ದೇ ಹೇಳ್ತಿತ್ತು ಕಣೇ. ಇದು ಅವನೇ" ಎಂದರು ಮಾವ. ಮನೆ ಖಾಲಿ ಮಾಡಿ, ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿ, ಪಾತ್ರೆ ಗಂಟು ಹೊತ್ತ ಹೆಂಡತಿಯೊಂದಿಗೆ ಮೆಟ್ಟಿಲಿಳಿದಾಗ ಮನೆಯೊಡತಿ ಬೀಗದಕೈ ಇಸಿದುಕೊಳ್ಳುತ್ತಾ, "ನಿಮ್ಮಣ್ಣ ಒಳಗೆ ಬಿಟ್ಕೊಳ್ತಾರಾ?" ಎಂದು ಕೇಳಿದಳು. "ನಾನೂ ಅದನ್ನೇ ಕೇಳ್ದೆ ಅಕ್ಕಾ. ಅದಕ್ಕೆ ಮಾತ್ರ ದೇವರು ತುಟಿ ಬಿಚ್ಚಲಿಲ್ಲ" ಎಂದ ಮಾವ ಹಾಸಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೊರಟೇಬಿಟ್ಟರು.